ಬೀದಿಗೆ ಬಂದ ಕೋಣೆ

ಅಳತೆ ಸಾಹೇಬರ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಕಿಟಕಿಯಿಂದ.

ನಗರಸಭೆಯಲ್ಲಿ ಕಟ್ಟಡಗಳ ತನಿಖೆ ಮಾಡುತ್ತಿದ್ದವರು ಅವರು. ನಿವೃತ್ತರಾಗಿ ಬಹಳ ಕಾಲವೇನೂ ಆಗಿರಲಿಲ್ಲ. ಊರಿನವರು ಅವರ ಹೆಸರನ್ನು ಎಂದೋ ಮರೆತು, ಜೇಬಿನಲ್ಲಿ ಸದಾ ಇರುತ್ತಿದ್ದ ಟೇಪನ್ನು ನೋಡಿ ಅಳತೆ ಸಾಹೇಬರು ಎಂದೇ ಕರೆಯುತ್ತಿದ್ದರು. ಈಗ ಅಳೆಯಲು ಏನೂ ಇಲ್ಲ. ಮನೆಯ ಮುಂದಿನ ಕೋಣೆಯಲ್ಲಿ, ಬೀದಿಗೆ ತೆರೆದ ದೊಡ್ಡ ಕಿಟಕಿಯ ಪಕ್ಕ, ತೀರಿಕೊಂಡ ಹೆಂಡತಿಯ ಬೆತ್ತದ ಕುರ್ಚಿಯಲ್ಲಿ ಕೂತು ಪೇಪರ್ ಓದುವುದೇ ಉದ್ಯೋಗ. ಮೊದಲು ಆ ಕಿಟಕಿಯ ಹತ್ತಿರ ಬಂದವರೆಲ್ಲ "ಸಾಹೇಬ್ರು ಇದ್ದಾರಾ?" ಎಂದು ಕೇಳುತ್ತಿದ್ದರು. ಒಳಗಿದ್ದೂ ಇಲ್ಲ ಎಂದು ಹೇಳಿಸುವ ಸುಖ ಆಗ ಅವರಿಗಿತ್ತು. ಈಗಲೂ ಜನ ಬರುತ್ತಿದ್ದರು. ಅದೇ ಕಿಟಕಿ, ಅದೇ ಸರಳು, ಅದೇ ಹಲ್ಲು ಕಿರಿಯುವ ಮುಖಗಳು. ಕೇಳುವುದು ಮಾತ್ರ, "ಮೇಡಂ ಇದ್ದಾರಾ?"

ಮೇಡಂ ಎಂದರೆ ಅವರ ಸೊಸೆ.

ಆ ಸೊಸೆಯನ್ನು ಹುಡುಕಿ ತಂದವರೂ ಸಾಹೇಬರೇ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸು ಮತ್ತು ನಿದ್ದೆ ಬಿಟ್ಟರೆ ಬೇರೆ ಯಾವುದರ ಗೊಡವೆಯೂ ಇಲ್ಲದ ಸಾಧು ಪ್ರಾಣಿ. ತಮ್ಮ ವಿದ್ಯೆ ಇವನ ಕೈಯಲ್ಲಿ ಉದ್ಧಾರವಾಗುವುದಿಲ್ಲವೆಂದು ತಿಳಿದು, ನಕ್ಷೆ ಓದಲು ಬರುವ ಹುಡುಗಿಯನ್ನೇ ಮನೆ ತುಂಬಿಸಿಕೊಂಡಿದ್ದರು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ, ಸೌಟು ಜೋಡಿಸಿ, ಇದು ಮನೆ, ಇದು ಅಂಗಡಿ, ಇದು ಕಾರ್ಖಾನೆ, ಯಾವುದರ ಪಕ್ಕ ಯಾವುದು ಇರಕೂಡದು ಎಂದು ಪಾಠ ಹೇಳಿದ್ದರು. ಅವಳು ಪರೀಕ್ಷೆ ಬರೆದು ನಗರಸಭೆ ಸೇರಿದಾಗ ಬೀದಿಗೆಲ್ಲ ಸಿಹಿ ಹಂಚಿದ್ದರು. ಅವಳು ತಮ್ಮ ಕೈಕೆಳಗೆ ಇರುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಅವರು ನಿವೃತ್ತರಾದ ಮೇಲೆ ಅವಳನ್ನು ಯೋಜನಾ ವಿಭಾಗದ ಮುಖ್ಯಸ್ಥೆ ಮಾಡಿದರು ನೋಡಿ, ಅಲ್ಲಿಂದ ಸಾಹೇಬರಿಗೆ ಅನ್ನ ರುಚಿಸಲಿಲ್ಲ. ಇಡೀ ಸರ್ವಿಸಿನಲ್ಲಿ ಆಸೆಪಟ್ಟು ಆಸೆಪಟ್ಟು ಅವರಿಗೆ ಸಿಗದೆ ಹೋದ ಕುರ್ಚಿ ಅದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಮಾವನಿಗೆ ಯಾವ ಕಾಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಿಯೇ ಇಲ್ಲ.

ಬೆಳಿಗ್ಗೆ ನಗರಸಭೆಯ ಜೀಪು ಮನೆ ಮುಂದೆ ಬಂದು ನಿಂತರೆ ಸಾಹೇಬರ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತಿತ್ತು. ಡ್ರೈವರ್ ಅದೇ ಹಳಬ. ಅವನು ಸಾಹೇಬರಿಗೆ ಒಂದು ನಮಸ್ಕಾರ ಒಗೆದು ಸೊಸೆಗೆ ಬಾಗಿಲು ತೆಗೆಯುತ್ತಿದ್ದ. ಪೇಪರಿನಲ್ಲಿ ಅವಳ ಫೋಟೋ ಬಂದ ದಿನ ಸಾಹೇಬರು ಟೀ ಲೋಟವನ್ನು ಸರಿಯಾಗಿ ಅದರ ಮೇಲೇ ಇಡುತ್ತಿದ್ದರು. ಬೇಕೆಂದು ಇಟ್ಟದ್ದಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಸಂಜೆ ಅವಳು ಬಂದು ಪೇಪರ್ ಎತ್ತಿದರೆ ಅವಳ ಮೂಗಿನ ಸುತ್ತ ದುಂಡಗೆ ಟೀ ಕಲೆ. ಅವಳು ಏನೂ ಅನ್ನುತ್ತಿರಲಿಲ್ಲ, ಅದೂ ಅವರಿಗೆ ಉರಿಯುತ್ತಿತ್ತು.

ಈಗ ಆ ಮುಂದಿನ ಕೋಣೆಯ ವಿಷಯ ಹೇಳಬೇಕು. ಇಡೀ ಕಥೆ ಹೋಗಿ ಗುದ್ದುವುದು ಅದಕ್ಕೇ.

ಮನೆಗೂ ಬೀದಿಗೂ ನಡುವೆ ಒಂದಿಷ್ಟು ಜಾಗ ಖಾಲಿ ಬಿಡಬೇಕು ಎಂಬುದು ನಗರಸಭೆಯ ನಿಯಮ. ಆ ಬೀದಿಯಲ್ಲಿ ಒಬ್ಬರೂ ಅದನ್ನು ಮೀರಿರಲಿಲ್ಲ. ಸಾಹೇಬರು ಮೀರಲು ಬಿಟ್ಟಿದ್ದರೆ ತಾನೆ! ಬೀದಿಯ ತುದಿಯಲ್ಲಿದ್ದ ಬಡಗಿ ಬಿಸಿಲು ತಾಳಲಾರದೆ ಅಂಗಡಿ ಮುಂದೆ ಒಂದು ಚಪ್ಪರ ಇಳಿಸಿದಾಗ ನಿಂತ ನಿಲುವಿನಲ್ಲೇ ಕೀಳಿಸಿದ್ದರು. ಆದರೆ ಹೆಂಡತಿಯ ಮಂಡಿ ಹೋಯಿತು. ಒಳಗಿನ ಕತ್ತಲೆಯಲ್ಲಿ ಮಲಗಿಕೊಂಡು ಆಕೆ, "ನಂಗೆ ಬೀದಿ ಕಾಣ್ಬೇಕು ರೀ. ನಾಲ್ಕು ಜನದ ಮುಖ ನೋಡ್ದೆ ಹೇಗಿರ್ಲಿ?" ಎಂದಳು. ಸಾಹೇಬರು ಆ ಖಾಲಿ ಜಾಗದಲ್ಲಿ ಒಂದು ಕೋಣೆ ಎಬ್ಬಿಸಿದರು.

"ನಿಮ್ಮ ರೂಲ್ಸು ಏನಾಯ್ತು?" ಎಂದು ಆಕೆ ಕೆಣಕಿದ್ದಳು.

"ರೂಲ್ಸಿಗೆ ಮಂಡಿ ನೋವಿರಲ್ಲ, ಸುಮ್ನೆ ಕೂತ್ಕೋ" ಎಂದಿದ್ದರು.

ಆಕೆ ಕೊನೆಯ ತನಕ ಆ ಕಿಟಕಿಯಲ್ಲೇ ಇದ್ದಳು. ಬೀದಿಯವರೆಲ್ಲ ಕೆಲಸಕ್ಕೆ ಹೋಗುವಾಗ ಬೀಗದ ಕೈ ಅವಳ ಹತ್ತಿರ ಕೊಟ್ಟು ಹೋಗುತ್ತಿದ್ದರು. ಯಾರ ಮನೆಗೆ ಯಾರು ಬಂದರು, ಯಾರ ಮಗು ಎಲ್ಲಿ ಬಿದ್ದಿತು, ಎಲ್ಲ ಆಕೆಗೆ ಗೊತ್ತು. ಚಪ್ಪರ ಕಳೆದುಕೊಂಡ ಬಡಗಿಯೇ ಬಂದು, ಸಾಹೇಬರ ಮುಖ ನೋಡದೆ, ಆ ಕಿಟಕಿಗೆ ಒಳ್ಳೆ ಮರದ ಬಾಗಿಲು ಕೂರಿಸಿಕೊಟ್ಟ. ಇಂಥವಳ ಕೋಣೆಯ ಮೇಲೆ ಯಾರು ತಕರಾರು ಎತ್ತುತ್ತಾರೆ? ಅವಳು ಹೋದ ಮೇಲೆ ಸಾಹೇಬರಿಗೆ ಉಳಿದದ್ದು ಆ ಕೋಣೆ, ಆ ಕುರ್ಚಿ. ಬೇರೆಲ್ಲೂ ಅವರಿಗೆ ಕಣ್ಣು ಮುಚ್ಚುತ್ತಿರಲಿಲ್ಲ.

ಇತ್ತ ನಗರಸಭೆಯ ಗೋಡೆಯ ಮೇಲೆ ಊರಿನ ದೊಡ್ಡ ನಕ್ಷೆಯೊಂದು ತೂಗುತ್ತಿತ್ತು. ಸಾಹೇಬರು ಕೈಯಾರೆ ಬರೆದದ್ದು. ಮನೆಗಳ ವಲಯಕ್ಕೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ಬೂದು. ಯಾರಾದರೂ ಗೋಡೆಯನ್ನು ಮುಂದಕ್ಕೆ ತಂದರೆ ಅಲ್ಲಿ ಒಂದು ಕೆಂಪು ಗೆರೆ. ತಮ್ಮ ಮನೆಯ ಮುಂದೆ ಆ ಕೆಂಪು ಗೆರೆ ಎಳೆಯುವುದನ್ನು ಅವರು ಮೊದಲು ನಾಳೆಗೆ ಹಾಕಿದರು, ಆಮೇಲೆ ಮರೆತರು, ಕೊನೆಗೆ ನಕ್ಷೆಯನ್ನು ನೋಡಿ ನೋಡಿ ಅದನ್ನೇ ನಂಬಿಬಿಟ್ಟರು. ಜೀವನವೆಲ್ಲ ನಕ್ಷೆ ನೋಡಿದವರಿಗೆ ಬರುವ ಕಾಯಿಲೆ ಇದು. ನೆಲಕ್ಕಿಂತ ಕಾಗದವೇ ಗಟ್ಟಿ ಅನ್ನಿಸತೊಡಗುತ್ತದೆ. ನಿಮ್ಮ ಬೀದಿ ಎಷ್ಟು ಅಗಲ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವರು ತಡವರಿಸದೆ ಹೇಳುತ್ತಿದ್ದರು. ಹೇಳುತ್ತಿದ್ದದ್ದು ನಕ್ಷೆಯ ಅಗಲ. ದಿನವೂ ಮಲಗಿ ಏಳುತ್ತಿದ್ದ ಕೋಣೆ ಆ ಲೆಕ್ಕದಲ್ಲಿ ಇರಲೇ ಇಲ್ಲ. ತನ್ನ ಬೆನ್ನು ತನಗೆ ಕಾಣದು ಅನ್ನುವುದು ಇದಕ್ಕೇ ಇರಬೇಕು.

ಹೀಗಿರುವಾಗ ಹಿಂದಿನ ಬೀದಿಯ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಆದರೆ ಫೈರ್ ಇಂಜಿನ್ ಬೀದಿಯ ಬಾಯಲ್ಲೇ ಸಿಕ್ಕಿಕೊಂಡು ಒಳಗೆ ಹೋಗಲಾಗಲಿಲ್ಲ. ಜನ ಕೊಡದಲ್ಲಿ ನೀರು ಹೊತ್ತರು. ಇಕ್ಕಟ್ಟಿನ ಬೀದಿಗಳಿಗೆ ಏನಾದರೂ ಮಾಡಿ ಎಂದು ಊರೆಲ್ಲ ಬೊಬ್ಬೆ ಹಾಕಿತು. ಬಜೆಟ್ ಸಭೆಗೆ ಜನ ಕಿಕ್ಕಿರಿದು ಬಂದರು. ಸಾಹೇಬರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು.

ಸೊಸೆ ಎದ್ದು ನಿಂತು ಯೋಜನೆ ಹೇಳಿದಳು. ಬೀದಿ ಅಗಲ ಮಾಡಲು ಹೊರಟರೆ ಯಾರದಾದರೂ ಗೋಡೆ ಒಡೆಯಬೇಕು, ಕೋರ್ಟು ಕಚೇರಿ ಸುತ್ತಬೇಕು, ಅಷ್ಟರಲ್ಲಿ ಇನ್ನೊಂದು ಬೆಂಕಿ ಬೀಳುತ್ತದೆ. ಅದರ ಬದಲು ಇಕ್ಕಟ್ಟಿನ ಬೀದಿಗಳ ಒಳಗೇ ದಪ್ಪ ಕೊಳವೆ ಹಾಕಿ ಅಲ್ಲಲ್ಲಿ ಬೆಂಕಿ ನಲ್ಲಿ ಇಡೋಣ. ಇಂಜಿನ್ ಹೊರಗೆ ನಿಂತರೂ ನೀರು ಒಳಗೆ ಸಿಗುತ್ತದೆ. ವಾರ್ನಿಷು, ಫೋಮು ತುಂಬಿದ ಗೋದಾಮುಗಳು ಮನೆಗಳ ವಲಯ ಬಿಟ್ಟು ಊರಾಚೆ ಹೋಗಲಿ. "ನಮ್ಮ ಮನೇನೂ ಅಂಥದ್ದೇ ಒಂದು ಬೀದೀಲಿದೆ. ಅದಕ್ಕೇ ಈ ಲೆಕ್ಕ ನಾನೊಬ್ಬಳೇ ಮಾಡಿಲ್ಲ, ಫೈರ್ ಸ್ಟೇಷನ್ನಿನವರ ಹತ್ರ ಪರೀಕ್ಷೆ ಮಾಡಿಸಿದ್ದೀನಿ" ಎಂದಳು. ಸ್ಟೇಷನ್ನಿನವರು ತಲೆಯಾಡಿಸಿದರು. ಒಬ್ಬ ಸದಸ್ಯರಿಗೆ ಅದೇ ಹಣದಲ್ಲಿ ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕಾಗಿತ್ತು. ಅವರು ಮೇಜು ಕುಟ್ಟಿದಾಗ ಸೊಸೆ ತಣ್ಣಗೆ, "ಕಮಾನಿಗೆ ಬೆಂಕಿ ಬಿದ್ರೂ ನೀರು ಬೇಕಲ್ಲ ಸಾರ್?" ಎಂದಳು. ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಚಪ್ಪಾಳೆ ಬಿತ್ತು.

ಸಾಹೇಬರ ಕೈ ಮಾತ್ರ ತೊಡೆಯ ಮೇಲೇ ಇತ್ತು. ತಮ್ಮ ಸರ್ವಿಸಿನಲ್ಲಿ ಅವರಿಗೆ ಒಂದು ಸಲವೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವರು ಬರುವುದು ಕಂಡರೆ ಜನ ಇಟ್ಟಿಗೆ ಬಚ್ಚಿಡುತ್ತಿದ್ದರು. ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದ ಹಾಗಾಯಿತು. ಆ ಕಮಾನಿನ ಮಾತು, ಆ ತಣ್ಣನೆಯ ಧಾಟಿ, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ರೀತಿ, ಎಲ್ಲ ತಮ್ಮದೇ. ಉಪ್ಪಿನ ಡಬ್ಬಿ ಇಟ್ಟು ಕಲಿಸಿದವರು ಯಾರು? ಬಿತ್ತಿದವನು ಹಿಂದಿನ ಬೆಂಚಿನಲ್ಲಿ, ಬೆಳೆ ಅವಳ ಕಣಜದಲ್ಲಿ!

ಬಜೆಟ್ ಒಪ್ಪಿದ ಮೇಲೆ ಕೆಲಸ ಶುರುವಾಗುವ ಮೊದಲು ಒಂದು ತಕರಾರು ಸಭೆ ಕರೆಯುವುದು ಆ ನಗರಸಭೆಯ ಪದ್ಧತಿ. ಅದಕ್ಕೊಂದು ವಿಚಿತ್ರ ನಿಯಮವಿತ್ತು. ಬೀದಿಯ ವಿಷಯಕ್ಕೆ ತಕರಾರು ಎತ್ತಿದವನು ಮರುದಿನ ಫೈರ್ ಇಂಜಿನ್ ಹತ್ತಿ, ಡ್ರೈವರ್ ಪಕ್ಕ ಕೂತು, ಆ ಬೀದಿಯಲ್ಲಿ ಬರಬೇಕು. ಇಂಜಿನ್‌ಗೆ ಅಡ್ಡ ಬಂದ ಗೋಡೆಗೆ ಅಲ್ಲೇ ಕೆಂಪು ಗೆರೆ. ಗೆರೆ ಬಿದ್ದ ಗೋಡೆ ಒಡೆಯಲೇಬೇಕು. ತಕರಾರು ಬೇಡವೆನಿಸಿದರೆ ಗೆರೆ ಬೀಳುವ ಮೊದಲು, ಬೀದಿಯವರೆಲ್ಲರ ಎದುರು, ಯೋಜನೆಯೇ ಸರಿ ಎಂದು ಬಾಯಿಬಿಟ್ಟು ಹೇಳಿ ವಾಪಸ್ ತೆಗೆದುಕೊಳ್ಳಬೇಕು. ಸುಮ್ಮನೆ ಬಾಯಿ ಚಪಲಕ್ಕೆ ಮಾತಾಡುವವರನ್ನು ಹೆದರಿಸಲೆಂದು ಈ ನಿಯಮ ಮಾಡಿಸಿದವರು ಬೇರಾರೂ ಅಲ್ಲ, ಅಳತೆ ಸಾಹೇಬರೇ.

ಸಭೆಯ ಹಿಂದಿನ ದಿನ ಊಟಕ್ಕೆ ಕೂತಾಗ ಅವರು ಹೇಳಿದರು, "ನಾಳೆ ನಾನೊಂದು ತಕರಾರು ಎತ್ತೋನಿದ್ದೀನಿ. ನಮ್ಮ ಬೀದಿ ವಿಷಯ."

ಸೊಸೆಯ ಕೈ ತಟ್ಟೆಯ ಮೇಲೆ ನಿಂತಿತು. "ನಮ್ಮ ಬೀದಿ ಬಿಟ್ಬಿಡಿ ಮಾವ. ಬೇರೆ ಯಾವ ಬೀದಿ ಬೇಕಾದ್ರೂ ಹಿಡೀರಿ, ನಾನೇ ಉತ್ತರ ಕೊಡ್ತೀನಿ."

"ಯಾಕೆ, ಭಯಾನಾ?"

"ಭಯ ಅಲ್ಲ ಮಾವ. ಅತ್ತೆ ಕೋಣೆ..."

"ಸಭೆ ವಿಷಯಕ್ಕೆ ಅತ್ತೆ ಹೆಸರು ತರಬೇಡ!" ಸಾಹೇಬರು ಮೇಜು ತಟ್ಟಿದರು. "ಅತ್ತೆ, ಮಾವ ಅಂತ ಕರಗಿಸೋಕೆ ನೋಡ್ಬೇಡ. ನಿನ್ನ ಲೆಕ್ಕ ಸರಿಯಿದ್ರೆ ನಿಲ್ಲುತ್ತೆ, ಇಲ್ದಿದ್ರೆ ಬೀಳುತ್ತೆ."

"ಅಪ್ಪಾ, ಊಟ ಮಾಡಿ" ಎಂದ ಮಗ. ಅವನಿಗೆ ಗೊತ್ತಿದ್ದ ಪರಿಹಾರ ಅದೊಂದೇ.

ಸೊಸೆ ಗಂಡನ ತಟ್ಟೆಗೆ ಅನ್ನ ಬಡಿಸಿದಳು. ಅವಳ ಮುಖ ಸಣ್ಣದಾದದ್ದನ್ನು ಸಾಹೇಬರು ಕಂಡರು, ಅವಳು ಹೆದರಿದ್ದಾಳೆ ಎಂದೇ ತಿಳಿದರು. ಅಂದು ಅವರಿಗೆ ಬಹಳ ದಿನದ ಮೇಲೆ ಊಟ ರುಚಿಸಿತು. ಇನ್ನೊಂದು ಸೌಟು ಹಾಕಿಸಿಕೊಂಡರು.

ಮರುದಿನ ಸಭೆಯಲ್ಲಿ ಅವರು ಎದ್ದಾಗ ಗುಸುಗುಸು ಅಡಗಿತು. ಮಾವ ಸೊಸೆಯ ಜಟಾಪಟಿ ಎಂದರೆ ಯಾರು ತಾನೆ ಕಿವಿ ನೆಟ್ಟಗೆ ಮಾಡುವುದಿಲ್ಲ?

"ಬೀದಿಗೊಂದು ನಲ್ಲಿ ಇಟ್ಟು ಕೈ ತೊಳ್ಕೊಂಡ್ರೆ ಆಯ್ತಾ?" ಎಂದರು ಸಾಹೇಬರು. "ಕುಡಿಯೋ ನಲ್ಲೀಲೇ ನೀರು ಬರದ ದಿನ ಇದೆ. ಬೆಂಕಿ ನಲ್ಲೀಲಿ ಬರುತ್ತೆ ಅಂತ ಯಾವ ಭರವಸೆ? ಇಂಜಿನ್ ಒಳಗೆ ಹೋಗ್ಬೇಕು. ಆ ನಕ್ಷೆ ನೋಡಿ. ನಮ್ಮ ಬೀದೀಲಿ ಇಂಜಿನ್ ಸರಾಗವಾಗಿ ಹೋಗುತ್ತೆ. ಹೋಗಲ್ಲ ಅಂದ್ರೆ ಯಾರೋ ಮುಂದಕ್ಕೆ ಬಂದಿದ್ದಾರೆ ಅಂತ ಅರ್ಥ. ಯಾರೇ ಆಗ್ಲಿ, ಒಡೀಬೇಕು. ನನ್ನ ಕಾಲದಲ್ಲಾಗಿದ್ರೆ ಇಷ್ಟು ಹೊತ್ತಿಗೆ ಒಡೆದಾಗಿರೋದು!"

ಅವರ ಬೀದಿಯವರು ಒಂದು ಸಾಲಿನಲ್ಲಿ ಕೂತಿದ್ದರು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಬಡಗಿಗೆ ಕೆಮ್ಮು ಬಂದು ಬಿಡಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಏನೂ ಕದಿಯದ ಬೀದಿಯವರೆಲ್ಲ ತಮ್ಮ ಹೆಗಲು ಮುಟ್ಟಿಕೊಂಡರು, ಸಾಹೇಬರೊಬ್ಬರು ಎದೆ ಸೆಟೆಸಿ ನಿಂತಿದ್ದರು.

"ಇನ್ನೊಂದು ಸಲ ಯೋಚ್ನೆ ಮಾಡಿ ಹೇಳಿ, ಮಾವ" ಎಂದಳು ಸೊಸೆ. ಸಭೆಯಲ್ಲಿ ಅವಳ ಬಾಯಿಂದ ಮಾವ ಎಂಬ ಮಾತು ಬಂದದ್ದು ಅದೇ ಮೊದಲು.

"ಇಲ್ಲಿ ಮಾವನೂ ಇಲ್ಲ, ಸೊಸೇನೂ ಇಲ್ಲ. ಬರ್ಕೊಳ್ಳಿ ಮೇಡಂ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಧ್ಯಕ್ಷರು ತಕರಾರನ್ನು ದಾಖಲಿಸಲು ಹೇಳಿದರು, ಸೊಸೆ ಬರೆದುಕೊಂಡಳು.

ಮರುದಿನ ಬೆಳಿಗ್ಗೆ ಸಾಹೇಬರು ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಟೇಪು ಹಾಕಿಕೊಂಡು ಸ್ಟೇಷನ್ನಿಗೆ ನಡೆದರು. ಇಂಜಿನ್ ಹತ್ತುವಾಗ ಮಂಡಿ ಕಿರುಗುಟ್ಟಿತು, ಆದರೂ ಡ್ರೈವರ್ ಕೊಟ್ಟ ಕೈ ಹಿಡಿಯಲಿಲ್ಲ. ಮಾರುಕಟ್ಟೆ ಕಡೆಯ ಬಾಯಲ್ಲಿ ಚರಂಡಿ ಅಗೆದಿದ್ದರು. ಹಾಗಾಗಿ ಇಂಜಿನ್ ಸುತ್ತು ಹಾಕಿ ಬಡಗಿಯ ಅಂಗಡಿ ಕಡೆಯಿಂದ ಬೀದಿಯೊಳಗೆ ಬಂತು. ಸಾಹೇಬರು ಆ ಕಡೆಯಿಂದ ತಮ್ಮ ಬೀದಿಗೆ ಬಂದು ಎಷ್ಟು ಕಾಲವಾಗಿತ್ತೋ. ದಿನದ ನಡಿಗೆಯೆಲ್ಲ ಮಾರುಕಟ್ಟೆ ಕಡೆಗೇ.

ಮೇಲೆ ಕೂತು ನೋಡಿದರೆ ಬೀದಿಯೇ ಬೇರೆ ಥರ ಕಾಣುತ್ತಿತ್ತು. ಮಹಡಿಯಲ್ಲಿ ಒಣಗಿದ ಬಟ್ಟೆ ಕಣ್ಣಿನ ಮಟ್ಟಕ್ಕೆ ಬಂತು. ಎರಡೂ ಬದಿ ಜನ ಗೋಡೆಗೆ ಅಂಟಿಕೊಂಡು ತಲೆಯೆತ್ತಿ ಅವರನ್ನೇ ನೋಡುತ್ತಿದ್ದರು. ಸೊಸೆ ಕೆಳಗೆ, ಕೈಯಲ್ಲಿ ಪ್ಯಾಡು ಹಿಡಿದು, ಇಂಜಿನ್ ಮುಂದೆ ಮುಂದೆ ನಡೆಯುತ್ತಿದ್ದಳು. ತಾವು ಮೇಲೆ, ಅವಳು ಕೆಳಗೆ. ಸಾಹೇಬರಿಗೆ ಎಷ್ಟೋ ದಿನದ ಉರಿ ತಣ್ಣಗಾದ ಹಾಗಾಯಿತು. ಮನೆಗಳು ಒಂದರ ಹಿಂದೊಂದು ಸಾಲಾಗಿ, ಒಂದಿಂಚೂ ಮುಂದೆ ಬರದೆ, ದಾರಿ ಬಿಟ್ಟುಕೊಟ್ಟವು.

"ನೋಡಿದ್ಯಾ? ಹೆಂಗೆ ನುಗ್ತಾ ಇದೆ!" ಎಂದು ಡ್ರೈವರಿನ ಭುಜ ತಟ್ಟಿದರು.

ಡ್ರೈವರ್ ಗೇರ್ ಇಳಿಸಿದ.

ಮುಂದೆ ಎಡಗಡೆ ಒಂದು ಗೋಡೆ ಸಾಲು ಬಿಟ್ಟು ಬೀದಿಗೆ ಚಾಚಿಕೊಂಡಿತ್ತು. ಸುಣ್ಣ ಕಾಣದ ಬೋಳು ಗೋಡೆ. ಸಾಹೇಬರ ರಕ್ತ ಕುದಿಯಿತು. ತಮ್ಮ ಬೀದಿಯಲ್ಲಿ, ತಮ್ಮ ಕಣ್ಣೆದುರಿಗೇ ಯಾರಿಗೆ ಇಷ್ಟು ಧೈರ್ಯ? ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಹಳೆಯ ದಿನಗಳ ಗಂಟಲಲ್ಲಿ ಕೂಗಿದರು, "ಯಾರದಯ್ಯಾ ಇದು? ಬರ್ಕೋ! ಒಡೆಸಿ ಹಾಕಿ ಇದನ್ನ!"

ಇಂಜಿನ್ ನಿಂತಿತು. ಡ್ರೈವರ್ ಸ್ಟೀರಿಂಗನ್ನೇ ನೋಡುತ್ತಾ ಕೂತ.

ಸಾಹೇಬರು ಇನ್ನಷ್ಟು ಬಾಗಿ ನೋಡಿದರು. ಗೋಡೆಯ ಮೂಲೆಯಾಚೆ ಒಂದು ಕಿಟಕಿ, ಬಡಗಿ ಕೂರಿಸಿದ ಮರದ ಬಾಗಿಲು. ಅದರೊಳಗೆ ಬೆತ್ತದ ಕುರ್ಚಿ. ಕುರ್ಚಿಯ ಮೇಲೆ ಬೆಳಿಗ್ಗೆ ತಾವೇ ಮಡಿಸಿಟ್ಟ ಪೇಪರ್, ಅದರ ಮೇಲೆ ತಾವೇ ಕುಡಿದಿಟ್ಟ ಟೀ ಲೋಟ.

ನಕ್ಷೆಯ ಹಳದಿ ಬಣ್ಣ ಕಣ್ಣ ಮುಂದೆ ಬಂತು, ಅದರಲ್ಲಿ ಎಳೆಯದೆ ಬಿಟ್ಟ ಗೆರೆ ಬಂತು. ಮೊನ್ನೆ ಊಟದ ಹೊತ್ತಿಗೆ ಸೊಸೆ ಹೇಳಲು ಹೊರಟ ಮಾತು ಈಗ ಪೂರ್ತಿಯಾಗಿ ಕೇಳಿಸಿತು.

ಸೊಸೆ ಇಂಜಿನ್ ಬಾಗಿಲ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು, "ಗೆರೆ ಇನ್ನೂ ಹಾಕಿಲ್ಲ ಮಾವ. 'ತಕರಾರು ವಾಪಸ್ ತಗೋತೀನಿ, ಯೋಜನೆ ಸರಿಯಿದೆ' ಅನ್ನಿ, ಸಾಕು. ನಲ್ಲಿಗೆ ಹಣ ಇದೆ, ಕೊಳವೆ ಬಂದಿದೆ. ಕೋಣೆಗೆ ಏನೂ ಆಗಲ್ಲ. ಬೀದಿಯವರು ಯಾರೂ ಬೇಡ ಅನ್ನಲ್ಲ."

ನಿಜ, ಯಾರೂ ಅನ್ನುತ್ತಿರಲಿಲ್ಲ. ಬಡಗಿ ಕೈ ಮುಗಿದು ನಿಂತಿದ್ದ, ಹೇಳಿಬಿಡಿ ಎನ್ನುವ ಹಾಗೆ. ಸಾಹೇಬರು ಬಾಯಿ ತೆರೆದರು. ಆಗ ಅವರ ಕಣ್ಣಿಗೆ ಬಿದ್ದದ್ದು ಸೊಸೆಯ ಕಿವಿಗೆ ಸಿಕ್ಕಿಸಿದ್ದ ಪೆನ್ನು. ಜನ ಈಗ ತಮ್ಮನ್ನು ನೋಡುತ್ತಿಲ್ಲ, ಅವಳನ್ನು ನೋಡುತ್ತಿದ್ದಾರೆ ಎಂದೂ ಕಂಡಿತು. ಇವಳ ಲೆಕ್ಕ ಸರಿ ಎಂದು ಇಡೀ ಬೀದಿಯೆದುರು ಹೇಳಬೇಕು. ಹೇಳಿದರೆ ಊರೇನನ್ನುತ್ತದೆ? ಮಾವ ಎಡವಿದ, ಸೊಸೆ ಕೈಹಿಡಿದು ಎತ್ತಿದಳು ಅನ್ನುತ್ತದೆ. ನಾಳೆಯಿಂದ ಆ ಕುರ್ಚಿಯಲ್ಲಿ ಕೂತರೆ ಅದು ಹೆಂಡತಿಯ ಕೋಣೆಯಲ್ಲ, ಸೊಸೆ ಉಳಿಸಿಕೊಟ್ಟ ಕೋಣೆ. ಕಿಟಕಿಗೆ ಬಂದವರೆಲ್ಲ ಮೇಡಂ ಇದ್ದಾರಾ ಎಂದು ಕೇಳುವಾಗ 'ಮೇಡಂ ದೊಡ್ಡ ಮನಸ್ಸು ಮಾಡಿದರು' ಎಂದೂ ಸೇರಿಸುತ್ತಾರೆ. ಆ ಹೊಟ್ಟೆಕಿಚ್ಚು ಎಷ್ಟು ಜೋರಾಗಿ ಎದ್ದಿತೆಂದರೆ ಅದರ ಮುಂದೆ ಹಾಸಿಗೆ ಅಂಗಡಿಯ ಬೆಂಕಿ ಏನೂ ಅಲ್ಲ. ಮಂಡಿ ಹಿಡಿದುಕೊಂಡು ನಗುತ್ತಿದ್ದ ಹೆಂಡತಿಯ ಮುಖವೂ ಆ ಹೊಗೆಯಲ್ಲಿ ಕಾಣಿಸಲಿಲ್ಲ.

"ಬರ್ಕೊಳ್ಳಿ ಮೇಡಂ" ಎಂದರು ಸಾಹೇಬರು, ಎಲ್ಲರಿಗೂ ಕೇಳುವ ಹಾಗೆ. "ಯಾರದೇ ಆಗ್ಲಿ ಅಂದಿದ್ದೆ. ಗೆರೆ ಹಾಕಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು. ಮೊದಲು ಒಂದು ಮಹಡಿಯಿಂದ, ಆಮೇಲೆ ಬೀದಿಯ ಎರಡೂ ಬದಿಯಿಂದ, ಇಂಜಿನ್ ಹಿಂದೆ ಬಂದಿದ್ದ ಜನರಿಂದ. "ಸ್ವಂತ ಮನೆ ರೀ! ಹೆಂಡತಿ ಇದ್ದ ಕೋಣೆ!" ಎಂದು ಯಾರೋ ಕೂಗಿದರು. ಬಡಗಿ ಕಣ್ಣೊರೆಸಿಕೊಳ್ಳುತ್ತಾ ಬಂದು, "ಸಾಹೇಬ್ರೇ, ಆ ಚಪ್ಪರದ ಸಿಟ್ಟು ಇವತ್ತಿಗೆ ಹೋಯ್ತು" ಎಂದ. ಬಜೆಟ್ ಸಭೆಯಲ್ಲಿ ಸೊಸೆಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಅದು. ಸಾಹೇಬರು ಅದನ್ನು ಗಮನಿಸಿದರು. ಅಂಥ ಹೊತ್ತಿನಲ್ಲೂ ಗಮನಿಸಿದರು.

ಸೊಸೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರ ಮುಖವನ್ನೇ ನೋಡಿದಳು, ಆಮೇಲೆ ಕುಂಚ ಕೈಗೆತ್ತಿಕೊಂಡು ಗೋಡೆಯ ಮೇಲೆ ಕೆಂಪು ಗೆರೆ ಎಳೆದಳು. ಗೆರೆ ಸ್ವಲ್ಪ ಸೊಟ್ಟಗಾಯಿತು.

ಕೋಣೆ ಬೀಳಲು ಒಂದು ಬೆಳಗ್ಗೆ ಸಾಕಾಯಿತು. ಕಿಟಕಿಯ ಬಾಗಿಲನ್ನು ಬಡಗಿ ಬಿಚ್ಚಿಕೊಂಡು ಹೋಗಿ ತನ್ನ ಅಂಗಡಿಯಲ್ಲಿ ಜೋಪಾನವಾಗಿ ಇಟ್ಟ. ಮನೆಯ ಮುಂಭಾಗಕ್ಕೆ ಹೊಸ ಗೋಡೆ ಎದ್ದಿತು, ಪಕ್ಕದಲ್ಲಿ ಒಂದು ಸಣ್ಣ ಬಾಗಿಲು. ಬೆತ್ತದ ಕುರ್ಚಿ ಒಳಗಿನ ಹಜಾರಕ್ಕೆ ಬಂತು. ಅಲ್ಲಿಂದ ಬೀದಿ ಕಾಣುತ್ತಿರಲಿಲ್ಲ. ಸಾಹೇಬರು ಅದರಲ್ಲಿ ಕೂತು ಗೋಡೆ ನೋಡುತ್ತಿದ್ದರು. ಮಧ್ಯಾಹ್ನದ ನಿದ್ದೆ ಹೋಯಿತು. ಹೆಂಡತಿಯ ದನಿ ನೆನಪಿಸಿಕೊಳ್ಳಲು ಪ್ರಯತ್ನಿಸಿದರೆ, ಅದರ ಜೊತೆ ಬರುತ್ತಿದ್ದ ಬೀದಿಯ ಸದ್ದಿಲ್ಲದೆ ಆ ದನಿಯೂ ಬರುತ್ತಿರಲಿಲ್ಲ.

ಪೇಪರಿನಲ್ಲಿ ಅವರ ಫೋಟೋ ಬಂತು. ಅರ್ಧ ಪುಟ. ಸ್ವಂತ ಮನೆಗೇ ಗೆರೆ ಹಾಕಿಸಿದ ಸಾಹೇಬರು ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಸಂಜೆ ಅದನ್ನು ಇನ್ನೊಮ್ಮೆ ನೋಡೋಣವೆಂದು ಮೇಜಿನಿಂದ ಎತ್ತಿದರೆ ಅವರ ಮೂಗಿನ ಸುತ್ತ ದುಂಡಗೆ ಟೀ ಕಲೆ.

ಸೊಸೆ ಎದುರಿಗೇ ಕೂತಿದ್ದಳು. "ನಾನೇ ಇಟ್ಟಿದ್ದು" ಎಂದಳು. "ಬೇಕಂತ್ಲೇ."

ಸಾಹೇಬರು ಪೇಪರ್ ಕೆಳಗಿಟ್ಟರು.

"ಒಂದು ಮಾತು ಅಂದಿದ್ರೆ ಅತ್ತೆ ಕೋಣೆ ಉಳೀತಿತ್ತು ಮಾವ. ಊರೆಲ್ಲ ಅದನ್ನ ಪ್ರಾಮಾಣಿಕತೆ ಅಂತಿದೆ. ನನಗೆ ಹೇಳಿ, ಯಾಕೆ ಅನ್ಲಿಲ್ಲ?"

ಸುಳ್ಳು ಹೇಳಬಹುದಾಗಿತ್ತು. ಅರ್ಧ ಪುಟದ ಸುಳ್ಳು ಮುಂದೆಯೇ ಬಿದ್ದಿತ್ತು. ಆದರೆ ಆ ಗೋಡೆ ನೋಡಿ ನೋಡಿ ಸಾಹೇಬರು ಸೋತಿದ್ದರು.

"ಹೊಟ್ಟೆಕಿಚ್ಚು ಕಣಮ್ಮ" ಎಂದರು. "ನಿನ್ನ ಮೇಲೆ. ನಿನ್ನ ಜೀಪಿನ ಮೇಲೆ, ನಿನ್ನ ಕುರ್ಚಿ ಮೇಲೆ. ಆ ಕೋಣೆಗಿಂತ ಅದೇ ದೊಡ್ಡದಾಯ್ತು."

ಸೊಸೆ ಪೇಪರನ್ನು ಮಡಿಸಿ ಪಕ್ಕಕ್ಕೆ ಸರಿಸಿದಳು. "ಅತ್ತೆ ಇದ್ದಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ" ಎಂದಳು. ಆಮೇಲೆ, "ನನಗೂ ಉರೀತು ಮಾವ, ಸುಳ್ಳು ಯಾಕೆ ಹೇಳ್ಲಿ. ಆ ನಲ್ಲಿಗೋಸ್ಕರ ಎಷ್ಟು ಬಜೆಟ್ ತಲೆ ಚಚ್ಕೊಂಡಿದ್ದೀನಿ. ನಂಗೆ ಮೂಲೇಲಿ ಎರಡು ಸಾಲು. ನೀವು ತಪ್ಪು ಲೆಕ್ಕ ಹೇಳಿ ಒಂದು ಗೋಡೆ ಒಡೆಸಿದ್ರಿ, ಅರ್ಧ ಪುಟ! ಆ ಚಪ್ಪಾಳೆ ಕೇಳ್ತಾ ಎಳೆದ ಗೆರೆ ಸೊಟ್ಟಗಾಯ್ತಲ್ಲ, ದುಃಖಕ್ಕೆ ಅನ್ಕೊಂಡ್ರಾ?"

ಅವಳಿಗೂ ಹೊಟ್ಟೆ ಉರಿದಿತ್ತು ಎಂದು ಕೇಳಿ ಸಾಹೇಬರಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು, ಆದರೆ ಖುಷಿ ಹೋಗಲಿಲ್ಲ. ಇಷ್ಟಕ್ಕಾಗಿ ಎಷ್ಟು ತೆತ್ತೆ ಎಂದು ಲೆಕ್ಕ ಹಾಕುವ ಧೈರ್ಯ ಅವರಿಗೆ ಇರಲಿಲ್ಲ.

ಆಗ ಬೀದಿಯಿಂದ ಯಾರೋ ಕೂಗಿದರು. ಪರಿಚಯವಿಲ್ಲದ ದನಿ.

"ಸಾಹೇಬ್ರು ಇದ್ದಾರಾ? ಅಳತೆ ಸಾಹೇಬ್ರು?"

ಎಷ್ಟು ಕಾಲವಾಗಿತ್ತು ಆ ಮಾತು ಕೇಳಿ! ಸಾಹೇಬರು ದಡಕ್ಕನೆ ಎದ್ದರು. ಅಂಗಿ ಸರಿಪಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಕಾಲಿಗೆ ಅಭ್ಯಾಸವಾಗಿದ್ದ ದಾರಿಯಲ್ಲಿ ನೇರವಾಗಿ ಮುಂದಕ್ಕೆ ನಡೆದರು. ಕಿಟಕಿಯ ಸರಳು ಹಿಡಿಯಲು ಕೈ ಚಾಚಿದರು. ಅಂಗೈಗೆ ಸಿಕ್ಕಿದ್ದು ಇನ್ನೂ ಹಸಿಯಾರದ ಸಿಮೆಂಟಿನ ಗೋಡೆ.

"ಈ ಕಡೆ ಮಾವ" ಎಂದಳು ಸೊಸೆ ಹಿಂದಿನಿಂದ. "ಬಾಗಿಲು ಈ ಕಡೆ."

ಸಾಹೇಬರು ಕೈ ತೆಗೆಯಲಿಲ್ಲ. ಹೊರಗಿನಿಂದ ಆ ದನಿ ಇನ್ನೊಂದು ಸಲ ಕೇಳಿತು, ಉತ್ತರ ಬಾರದಿದ್ದಾಗ ಹೊರಟುಹೋಯಿತು.